ಎಂಜಿಬಿಗೆ ಹೊಸ ಬ್ರೇಕ್ ಪೈಪ್ ಎಳೆದದ್ದು

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ನನ್ನ ಎಂಜಿಬಿ ರೋಡ್‌ಸ್ಟರ್, ಅಂದರೆ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು, 1972ರದ್ದು. ಕೊಂಡಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಒಂದು ಶನಿವಾರ ಕಾರಿನಡಿ ಮಲಗಿ, ಹಿಂದಿನ ಆಕ್ಸೆಲ್ ಮೇಲಿನ ಪೈಪನ್ನು ವೈರ್ ಬ್ರಷ್‌ನಿಂದ ಉಜ್ಜಿದೆ. ತುಕ್ಕು ಉದುರಿದ ಜಾಗದಲ್ಲಿ ಬ್ರೇಕ್ ಆಯಿಲ್ ಜಿನುಗಿತು. ನಲವತ್ತು ವರ್ಷ ದಾಟಿದ ಇಂಥ ಕಾರುಗಳಿಗೆ ಇಲ್ಲಿ ಎಂಒಟಿ (ವರ್ಷಕ್ಕೊಮ್ಮೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ) ತಪಾಸಣೆ ಕಡ್ಡಾಯವಲ್ಲ. ನಾವೇ ಬಗ್ಗಿ ನೋಡಬೇಕು. ಅದರ ಮೇಲೆ ಈ ಕಾರಿನ ಬ್ರೇಕಿಗೆ ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವುದು ಒಂದೇ ಜಾಲದಲ್ಲಿ. ಎಲ್ಲಿ ಪೈಪ್ ಒಡೆದರೂ ಕೊನೆಗೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಎಲ್ಲಾ ಪೈಪನ್ನೂ ಬದಲಿಸಲು ಕೂತೆ.

ತಂದದ್ದು 3/16 ಇಂಚಿನ ಕುಪ್ರೋ-ನಿಕಲ್ (ತಾಮ್ರ, ನಿಕಲ್ ಬೆರೆಸಿದ) ಪೈಪ್. ಬರೀ ತಾಮ್ರದ್ದು ಬಗ್ಗಿಸಲು ಸುಲಭ, ಆದರೆ ನಡುಕಕ್ಕೆ ಗಡುಸಾಗಿ ಬಿರುಕು ಬಿಡಬಹುದು. ಹಳೆಯ ಪೈಪುಗಳನ್ನು ಕತ್ತರಿಸದೆ ಇಡಿಯಾಗಿ ಬಿಚ್ಚಿ, ಗೋಡೆಗೆ ನೇತುಹಾಕಿ, ಅದೇ ಆಕಾರಕ್ಕೆ ಹೊಸದನ್ನು ಬಗ್ಗಿಸುತ್ತಾ ಹೋದೆ.

ಹಿಂದಕ್ಕೆ ಹೋಗುವ ಉದ್ದದ ಪೈಪಿನಲ್ಲಿ ಎಡವಿದೆ. ಹಳೆಯದರಂತೆಯೇ ಮಾಡಿ ಕೂರಿಸಿದರೆ, ಒಂದು ಕಡೆ ಅದು ಸೈಲೆನ್ಸರ್ ಪೈಪಿಗೆ ಬೆರಳಗಲದಷ್ಟು ಹತ್ತಿರ! ಆಯಿಲ್ ಕಾದು ಕುದಿದರೆ ಪೆಡಲ್ ಸುಮ್ನೆ ಕೆಳಗಿಳಿದುಬಿಡುತ್ತದೆ. ಕಾರ್ಖಾನೆಯವರು ಹೀಗೆ ಎಳೆದಿರಲಾರರು ಅನ್ನಿಸಿತು. ಕಾರಿನ ತಳಕ್ಕೆ ತುಕ್ಕು ಹಿಡಿಯದಂತೆ ಬಳಿದಿದ್ದ ದಪ್ಪ ಕಪ್ಪು ಅಂಡರ್‌ಸೀಲನ್ನು ಕೆರೆದು ನೋಡಿದೆ. ಬೇರೆಯೇ ಸಾಲಿನಲ್ಲಿ ಕ್ಲಿಪ್ಪಿನ ತೂತುಗಳು ಸಿಕ್ಕವು. ಯಾರೋ ಹಿಂದೆ ರಿಪೇರಿ ಮಾಡಿದವರು ಹತ್ತಿರದ ದಾರಿ ಹಿಡಿದಿದ್ದರು. ಆಮೇಲೆ ಮೆತ್ತನೆಯ ತಂತಿಯೊಂದನ್ನು ತೂತಿನಿಂದ ತೂತಿಗೆ ಬಗ್ಗಿಸಿ ಅಳತೆ ತೆಗೆದೆ. ಪೈಪ್ ಕತ್ತರಿಸಿದ್ದು ಅದಾದ ಮೇಲೆ. ಅಳತೆಗೆ ಪೂರ್ತಿ ಒಂದು ದಿನ ಹೋಯಿತು. ಕ್ಲಿಪ್ ಇಲ್ಲದೆ ಜೋತಾಡುವ ಪೈಪ್ ತಗಡಿಗೆ ಉಜ್ಜಿ ಉಜ್ಜಿ ತೂತಾಗುತ್ತದೆ, ಆದ್ದರಿಂದ ಒಂದು ತೂತನ್ನೂ ಖಾಲಿ ಬಿಡಲಿಲ್ಲ.

ಬಾಡಿಯಿಂದ ಆಕ್ಸೆಲ್‌ಗೆ ಇಳಿಯುವ ರಬ್ಬರ್ ಹೋಸ್ ಕೂರಿಸಿ, ಜಾಕ್‌ನಿಂದ ಆಕ್ಸೆಲನ್ನು ಮೇಲೆ ಕೆಳಗೆ ಆಡಿಸಿ ನೋಡಿದೆ. ಮುಂದಿನ ಚಕ್ರಗಳನ್ನೂ ಎರಡು ಕಡೆಗೆ ಪೂರ್ತಿ ತಿರುಗಿಸಿದೆ. ಹೋಸ್ ಎಲ್ಲೂ ಬಿಗಿಯಬಾರದು, ತಿರುಚಿಕೊಳ್ಳಬಾರದು.

ಫ್ಲೇರ್, ಅಂದರೆ ಜಾಯಿಂಟ್ ಸೋರದಂತೆ ಪೈಪಿನ ತುದಿಯನ್ನು ಅರಳಿಸುವುದರ ಬಗ್ಗೆ ಒಂದು ಮಾತು. ಹೊರಗಡೆ ಥ್ರೆಡ್ ಇರುವ ನಟ್‌ಗೆ ಗುಳ್ಳೆಯಂತೆ ಉಬ್ಬಿದ ಬಬಲ್ ಫ್ಲೇರ್ ಬೇಕು. ಒಳಗಡೆ ಥ್ರೆಡ್ ಇರುವ ನಟ್‌ಗೆ, ಆ ಗುಳ್ಳೆಯನ್ನೇ ಒಳಕ್ಕೆ ಮಡಿಸಿದ ಡಬಲ್ ಫ್ಲೇರ್. ಮುಂದಿನ ಹೋಸಿಗೆ ಸೇರುವ ಪೈಪಿಗೆ ನಾನು ಬಬಲ್ ಮಾಡಿಬಿಟ್ಟಿದ್ದೆ. ಎಷ್ಟು ಬಿಗಿದರೂ ಸೋರಿತು. ಜಾಸ್ತಿ ಬಿಗಿದರೆ ನಟ್ ಹಾಳಾಗುತ್ತದೆ ಅಷ್ಟೇ. ಕತ್ತರಿಸಿ ಮತ್ತೆ ಮಾಡಿದೆ.

ಪೈಪುಗಳೊಳಗಿನ ಏರ್ ತೆಗೆಯುವಾಗ ಪೆಡಲ್ ಒತ್ತಲು ಮಗಳು ಸೀಟಿನಲ್ಲಿ ಕೂತಳು. ಸ್ಟೀರಿಂಗ್ ಬಲಗಡೆ ಇರುವುದರಿಂದ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ತೀರಾ ದೂರದ ಚಕ್ರ ಹಿಂದಿನ ಎಡಗಡೆಯದು. ಅಲ್ಲಿಂದಲೇ ಶುರು. "ಒತ್ತು ಪುಟ್ಟಾ", "ಒತ್ತಿದೀನಪ್ಪ" ಅಂತ ಒಂದು ಗಂಟೆ ನಡೆಯಿತು. ಪೆಡಲ್ ಕಲ್ಲಿನಂತೆ ಗಟ್ಟಿಯಾದ ಮೇಲೆ ಅವಳಿಗೆ ಹಾಗೇ ಒತ್ತಿ ಹಿಡಿದಿರಲು ಹೇಳಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಕಾಗದ ಒತ್ತಿದೆ. ಆಕ್ಸೆಲ್ ಮೇಲಿನ ಮೂರು ದಾರಿಯ ಜಾಯಿಂಟಿನಲ್ಲಿ ಸಣ್ಣ ಕಲೆ ಕಂಡಿತು. ಫ್ಲೇರ್ ಮತ್ತೆ ಮಾಡಿ, ಮತ್ತೆ ಏರ್ ತೆಗೆದು, ಮಾರನೇ ದಿನ ಕಾಗದ ಒಣಗಿಯೇ ಇದ್ದದ್ದನ್ನು ನೋಡಿದ ಮೇಲೇ ಚಕ್ರ ಹಾಕಿದೆ.