ಬೇವಿನ ನೆರಳಲ್ಲಿ ಕೊಂಜಾಕ್: ಬೀದರಿನ ಅಂಗಳದಲ್ಲಿ ಚೀನಾ, ಜಪಾನಿನ ಕಾಡುಗಡ್ಡೆ ಬೆಳೆಸುವುದು ಹೇಗೆ?

ಸುವರ್ಣಗಡ್ಡೆ ಯಾರಿಗೆ ಗೊತ್ತಿಲ್ಲ ಹೇಳಿ? ಬೀದರಿನ ಬಜಾರಿನಲ್ಲಿ ಜಮೀಕಂದ್ ಅಂತಲೂ ಕೇಳುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹಣ್ಣು ಹಾಕಿ ಬೇಯಿಸುವ ಆ ಮಣ್ಣುಬಣ್ಣದ ಗಡ್ಡೆಗೆ ದೂರದ ದೇಶಗಳಲ್ಲಿ ಬಹಳ ಜನ ಬಂಧುಗಳಿದ್ದಾರೆ. ಚೀನಾ, ಜಪಾನ್, ಕೊರಿಯಾದ ಕಾಡುಗಳಲ್ಲಿ, ದೊಡ್ಡ ಮರಗಳ ಕೆಳಗೆ, ಉದುರಿದ ಎಲೆಗಳ ನಡುವಿನಿಂದ ಅವು ತಲೆ ಎತ್ತುತ್ತವೆ. ಎಲ್ಲವೂ ಕೆಸುವಿನ ಕುಟುಂಬಕ್ಕೆ ಸೇರಿದವು. ಹೂವಿನ ರಚನೆಯೂ ಒಂದೇ: ನಡುವೆ ಒಂದು ಕೋಲು, ಅದರ ಸುತ್ತ ಮುಸುಕಿನಂತೆ ಸುತ್ತಿಕೊಂಡ ಒಂದು ಹಾಳೆ.

ಇವನ್ನು ನಮ್ಮ ಬಿಸಿಲುನಾಡಿನಲ್ಲಿ ಬೆಳೆಸಬಹುದಾ? ಎಲ್ಲವನ್ನೂ ಆಗುವುದಿಲ್ಲ. ಕೆಲವನ್ನು ಖಂಡಿತ ಆಗುತ್ತದೆ. ಬೀದರಿನ ನಮ್ಮ ಮನೆಯ ಅಂಗಳದಲ್ಲಿ ಕೊಂಜಾಕ್ ಅನ್ನುವ ಇಂಥದ್ದೇ ಒಂದು ಗಡ್ಡೆ ಬೆಳೆಯುತ್ತಿದ್ದೇನೆ, ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಯ್ಕೆ

ಫೋಟೋ ನೋಡಿ ಮರುಳಾಗಬೇಡಿ. ಜಪಾನಿನ ಶಿಕೋಕು ದ್ವೀಪದ ಅರಿಸೀಮಾ ಸಿಕೋಕಿಯಾನಮ್ ಅನ್ನುವ ಗಿಡವಿದೆ. ಕಡುಗಂದು ಮುಸುಕಿನೊಳಗೆ ಹಾಲಿನಷ್ಟು ಬೆಳ್ಳಗಿನ ದುಂಡು ಗುಬಟು. ಜಪಾನೀಯರು ಅದನ್ನು ‘ಹಿಮದ ಮೋಚಿ’ ಅನ್ನುತ್ತಾರೆ. ಮೋಚಿ ಅಂದರೆ ಅಕ್ಕಿ ಕುಟ್ಟಿ ಮಾಡುವ ಮೆತ್ತನೆಯ ಉಂಡೆ. ಇನ್ನೊಂದು ಅರಿಸೀಮಾದ ಹೂವಿನಿಂದ ಗಾಳದ ದಾರದಂಥ ಎಳೆ ನೆಲದವರೆಗೆ ಇಳಿಬೀಳುತ್ತದೆ. ಅದಕ್ಕೆ ಜನಪದ ಕಥೆಯ ಉರಾಶಿಮಾ ಅನ್ನುವ ಮೀನುಗಾರನ ಹೆಸರನ್ನೇ ಇಟ್ಟಿದ್ದಾರೆ. ಮನಸ್ಸು ಸೋಲುತ್ತದೆ, ನಿಜ. ಆದರೆ ಇವಕ್ಕೆ ಚೆನ್ನಾಗಿ ಕೊರೆಯುವ ಚಳಿಗಾಲ ಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಕಾವಿಗೆ ಗಡ್ಡೆ ಮಣ್ಣಿನೊಳಗೇ ಬೆಂದುಹೋಗುತ್ತದೆ. ಇವನ್ನು ಕೈಬಿಡಿ.

ನಮಗೆ ಹೊಂದುವುದು ಕೊಂಜಾಕ್. ನಮ್ಮ ಸುವರ್ಣಗಡ್ಡೆಯ ಒಡಹುಟ್ಟಿದ್ದು ಅನ್ನಬಹುದು, ಎರಡೂ ಅಮಾರ್ಫೋಫ್ಯಾಲಸ್ ಜಾತಿಗೆ ಸೇರಿದವು. ಮೂಲ ಚೀನಾದ ಯುನ್ನಾನ್ ಸೀಮೆ. ಎರಡನೆಯದು ಪಿನೇಲಿಯಾ ಟರ್ನೇಟಾ, ಗೇಣುದ್ದದ ಪುಟ್ಟ ಗಿಡ. ಕುಂಡದಲ್ಲಿ ಮಾತ್ರ ಇಡಿ. ಎಲೆದಂಟಿನ ಮೇಲೆಯೇ ಮರಿಗಡ್ಡೆ ಕಟ್ಟಿ ಉದುರಿಸುತ್ತದೆ. ನೆಲಕ್ಕೆ ಬಿಟ್ಟರೆ ಕಳೆಯಾಗಿ ಹಬ್ಬುತ್ತದೆ. ಸ್ವಲ್ಪ ಸಾಹಸ ಮಾಡುವ ಮನಸ್ಸಿದ್ದರೆ ಮೂರನೆಯದು ಅರಿಸೀಮಾ ಕಾನ್ಸ್ಯಾಂಗ್ವಿನಿಯಮ್. ಒಂದೇ ದಂಟಿನ ತುದಿಯಲ್ಲಿ ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಿದ ಸಣ್ಣ ಎಲೆಗಳು. ತನ್ನ ಬಳಗದಲ್ಲಿ ಸೆಕೆ ತಡೆಯುವ ಗಿಡ ಇದು. ಇದರಲ್ಲೂ ಮೊದಲ ವರ್ಷ ಒಂದೇ ಗಡ್ಡೆ ತಂದು ನೋಡಿ.

ಗಡ್ಡೆಯನ್ನು ನಮ್ಮ ದೇಶದ ನರ್ಸರಿಗಳಿಂದ, ಬೆಳೆಗಾರರಿಂದಲೇ ಕೊಳ್ಳಿ. ವಿದೇಶದಿಂದ ಗಿಡ ತರಿಸಲು 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸುಮ್ನೆ ಪಾರ್ಸೆಲ್ ತರಿಸಿಕೊಂಡರೆ ತಪ್ಪಾಗುತ್ತದೆ. ಗಡ್ಡೆಯ ಜೊತೆಗೆ ಅಲ್ಲಿನ ರೋಗವೂ ಬಂದೀತು. ಕೈಗೆ ಬಂದ ಗಡ್ಡೆಯನ್ನು ಒತ್ತಿ ನೋಡಿ. ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ, ಹುಳಿವಾಸನೆ ಬಂದರೆ ವಾಪಸ್ ಕೊಡಿ.

ಈ ಗಿಡಕ್ಕೂ ಮುಂಗಾರು ಗೊತ್ತು

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇದು ಅರ್ಥವಾದರೆ ಮುಂದಿನ ಕೆಲಸವೆಲ್ಲ ಹಗುರ.

ಪೂರ್ವ ಏಷ್ಯಾದ ಕಾಡಿಗೂ ಜೂನ್, ಜುಲೈನಲ್ಲೇ ಮಳೆ. ಜಪಾನಿನಲ್ಲಿ ಅದನ್ನು ‘ತ್ಸುಯು’ ಎನ್ನುತ್ತಾರೆ. ಬರೆಯುವಾಗ ಅದರ ಅಕ್ಷರಗಳ ಅರ್ಥ ‘ಪ್ಲಮ್ ಮಳೆ’. ನಾವು ಮಳೆಗೆ ನಕ್ಷತ್ರದ ಹೆಸರಿಟ್ಟೆವು, ಅವರು ಹಣ್ಣಿನ ಹೆಸರಿಟ್ಟರು. ಈಗ ಹೇಳಿದ ಪುಟ್ಟ ಪಿನೇಲಿಯಾದ ಹೆಸರಲ್ಲೇ ಅವರಿಗೆ ಒಂದು ದಿನವಿದೆ, ‘ಹಾಂಗೆಶೋ’. ಜುಲೈ 2ರ ಸುಮಾರಿಗೆ ಬರುತ್ತದೆ. ಅಷ್ಟರೊಳಗೆ ಭತ್ತದ ನಾಟಿ ಮುಗಿದಿರಬೇಕು ಅನ್ನುವುದು ಅಲ್ಲಿನ ರೈತರ ಲೆಕ್ಕ. ನಮ್ಮ ಹಿರಿಯರು ಮಿರಗ, ಆರಿದ್ರಾ ಅಂತ ಬಿತ್ತನೆ ಲೆಕ್ಕ ಹಾಕುತ್ತಾರಲ್ಲ, ಅದೇ ರೀತಿ.

ಅಂದರೆ ಈ ಗಡ್ಡೆಗಳು ಮಳೆಗಾಲದಲ್ಲಿ ಬೆಳೆದು, ಚಳಿಗೆ ಎಲೆ ಕಳಚಿ, ಮುಂದಿನ ಮಳೆಯವರೆಗೆ ಮಲಗುವ ಜಾತಿ. ನಮ್ಮ ಕಡೆಯ ಒಣಗಾಲ ಅವು ಮಲಗುವ ಕಾಲಕ್ಕೆ ಸರಿಯಾಗಿ ಕೂಡುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಬೀದರಿನಲ್ಲಿ ಡಿಸೆಂಬರ್ ರಾತ್ರಿಗಳು ಕಲಬುರಗಿ, ಯಾದಗಿರಿಗಿಂತ ತಂಪು. ಇದು ನಮಗೆ ಸಿಕ್ಕ ಇನ್ನೊಂದು ಅನುಕೂಲ.

ನನಗೆ ಇದು ತಿಳಿಯುವ ಮೊದಲೇ ಮೂರು ಗಡ್ಡೆ ಹೋದವು. ಮೊದಲ ವರ್ಷ ನವೆಂಬರಿನಲ್ಲಿ ಎಲೆ ಹಳದಿಯಾಗಿ ಬಾಗಿತು. ಅವ್ವ ನೋಡಿ, "ಪಾಪ, ಒಣಗ್ಯಾದ್ ನೋಡು, ಒಂದ್ ತಂಬಿಗಿ ನೀರ್ ಹಾಕು" ಅಂದಳು. ಹಾಕಿದೆ. ದಿನವೂ ಹಾಕಿದೆ. ಎಳ್ಳಮಾವಾಸ್ಯೆಗೆ ಕುಂಡ ಬಗ್ಗಿಸಿ ನೋಡಿದರೆ ಗಡ್ಡೆಯ ಜಾಗದಲ್ಲಿ ಗಂಜಿಯಂಥ ಲೋಳೆ. ಸಿಪ್ಪೆ ಮಾತ್ರ ಗುಂಡಗೆ ಹಾಗೇ ಇತ್ತು, ಬೆರಳಿಟ್ಟರೆ ಒಳಗೆ ಕುಸಿಯಿತು. ಆ ಗಿಡ ಒಣಗಿರಲಿಲ್ಲ, ನಿದ್ದೆಗೆ ಹೊರಟಿತ್ತು. ಪ್ರೀತಿಯಿಂದ ಹಾಕಿದ ನೀರೇ ಅದನ್ನು ಕೊಳೆಸಿತು.

ಜಾಗ

ಬೇವಿನ ಮರದ ಕೆಳಗೆ ಇಡಿ. ಫೆಬ್ರುವರಿ, ಮಾರ್ಚಿನಲ್ಲಿ ಬೇವು ಎಲೆ ಉದುರಿಸುತ್ತದೆ, ಆಗ ನಮ್ಮ ಗಡ್ಡೆ ಮಲಗಿರುತ್ತದೆ. ಗಡ್ಡೆ ಮೊಳೆಯುವ ಹೊತ್ತಿಗೆ ಮರದ ತುಂಬ ಹೊಸ ಚಿಗುರು, ಜರಡಿ ಹಿಡಿದಂಥ ತೆಳು ನೆರಳು. ಮಾವಿನ ಮರದ ನೆರಳು ಸ್ವಲ್ಪ ದಟ್ಟವಾಯಿತು, ಅದರ ಅಂಚಿನಲ್ಲಿಡಿ. ಮರವಿಲ್ಲದ ಮನೆಯಲ್ಲಿ ಪೂರ್ವ ದಿಕ್ಕಿನ ಗೋಡೆಯ ಪಕ್ಕ, 50 ಪರ್ಸೆಂಟ್ ನೆರಳಿನ ಬಲೆ ಕಟ್ಟಿ. ಬೆಳಗಿನ ಬಿಸಿಲು ಒಂಬತ್ತು ಗಂಟೆವರೆಗೆ ಬಿದ್ದರೆ ಸಾಕು. ಪಡುವಣ ಗೋಡೆ ಮಾತ್ರ ಬೇಡ. ಮಧ್ಯಾಹ್ನದ ಕಾವನ್ನು ಹೀರಿಕೊಂಡ ಆ ಕಲ್ಲು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ.

ಮಣ್ಣು

ಎರೆಮಣ್ಣು ಬೇಡವೇ ಬೇಡ. ತೊಗರಿಗೆ, ಜೋಳಕ್ಕೆ ಅದು ಚಿನ್ನ. ಆದರೆ ಮಳೆಗೆ ಅಂಟಾಗಿ, ಬಿಸಿಲಿಗೆ ಬಿರಿಯುವ ಆ ಮಣ್ಣಿನಲ್ಲಿ ಈ ಗಡ್ಡೆಗೆ ಉಸಿರು ಕಟ್ಟುತ್ತದೆ. ಬೀದರಿನ ಸುತ್ತ ಕೆಂಪು ಮಣ್ಣು, ಮುರ್ರಂ ಬೇಕಾದಷ್ಟು ಸಿಗುತ್ತದೆ ಅಲ್ವಾ? ಅದೇ ಒಳ್ಳೆಯದು. ನಾನು ಮಾಡುವ ಲೆಕ್ಕ ಹೀಗೆ: ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ದಪ್ಪ ಮರಳು ಅಥವಾ ಜರಡಿ ಹಿಡಿದ ಮುರ್ರಂ, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಎಲೆಗೊಬ್ಬರ. ಮೇಲೆ ಎರಡು ಹಿಡಿ ಬೇವಿನ ಹಿಂಡಿ.

ಎಲೆಗೊಬ್ಬರವನ್ನು ಬಿಡಬೇಡಿ. ಕಾಡಿನ ಗಿಡಕ್ಕೆ ಅದೇ ತವರಿನ ಮಣ್ಣು. ಉದುರಿದ ಬೇವಿನ ಎಲೆ, ಹೊಂಗೆ ಎಲೆಯನ್ನು ಗೋಣಿಚೀಲದಲ್ಲಿ ತುಂಬಿ, ಆಗಾಗ ನೀರು ಚಿಮುಕಿಸಿ ಮೂಲೆಯಲ್ಲಿಡಿ. ವರ್ಷದಲ್ಲಿ ಕಪ್ಪಗೆ, ಹಗುರಾಗಿ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರವಾಗುತ್ತದೆ. ಒಲೆಯ ಬೂದಿ ಹಾಕಬೇಡಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಮೊದಲೇ ಕ್ಷಾರ ಜಾಸ್ತಿ, ಬೂದಿ ಅದನ್ನು ಇನ್ನೂ ಏರಿಸುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ಅದು ನೀರಿನ ಉಪ್ಪು. ಒಂದು ಡ್ರಮ್ ಮಳೆನೀರು ಹಿಡಿದಿಟ್ಟುಕೊಂಡರೆ ಬಹಳ ಉಪಕಾರ.

ನೆಡುವುದು

ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಗಡ್ಡೆಯನ್ನು ಕೈಗೆತ್ತಿಕೊಳ್ಳಿ. ನಡುವಿನ ಗುಳಿಯಲ್ಲಿ ನಸುಗೆಂಪು ಮೊಳಕೆ ಕಾಣುತ್ತದೆ. ಮಿರಗದ ಮೊದಲ ಹದಮಳೆ ಬಿದ್ದ ಮೇಲೆ ನೆಡಿ.

ನಿಂಬೆಹಣ್ಣಿನ ಗಾತ್ರದ ಗಡ್ಡೆಗೆ 10 ಇಂಚಿನ ಕುಂಡ, ತೆಂಗಿನಕಾಯಿ ಗಾತ್ರದ್ದಕ್ಕೆ 16 ಇಂಚಿನದು. ಮಣ್ಣಿನ ಕುಂಡವೇ ಬೇಕು, ಪ್ಲಾಸ್ಟಿಕ್ ಬೇಗ ಬಿಸಿಯಾಗುತ್ತದೆ. ತಳದ ತೂತಿನ ಮೇಲೆ ಇಟ್ಟಿಗೆ ಚೂರು ಹಾಕಿ. ಮೊಳಕೆ ಮೇಲೆ ಬರುವಂತೆ ಗಡ್ಡೆ ಕೂರಿಸಿ, ಅದರ ಎತ್ತರದ ಎರಡರಷ್ಟು ಮಣ್ಣು ಮೇಲೆ ಬರಲಿ. ಇಷ್ಟು ಆಳ ಯಾಕೆ ಅಂದರೆ ಈ ಗಡ್ಡೆಗಳಿಗೆ ಬೇರು ಬುಡದಿಂದ ಬರುವುದಿಲ್ಲ, ಮೇಲಿನಿಂದ ಬರುತ್ತದೆ, ಮೊಳಕೆಯ ಸುತ್ತ ಗಡ್ಡದ ಹಾಗೆ. ಮೇಲೆ ಮಣ್ಣು ಕಮ್ಮಿಯಾದರೆ ಬೇರಿಗೆ ಜಾಗವಿಲ್ಲ, ಎಲೆ ಗಾಳಿಗೆ ಉರುಳುತ್ತದೆ.

ನೆಟ್ಟ ದಿನ ಒಮ್ಮೆ ನೀರು. ಮತ್ತೆ ಮೊಳಕೆ ಕಾಣುವವರೆಗೆ ಮಣ್ಣು ನಸು ಹಸಿಯಾಗಿದ್ದರೆ ಸಾಕು. ಎರಡು ಮೂರು ವಾರ ಏನೂ ಕಾಣದಿದ್ದರೆ ಕೆದಕಬೇಡಿ.

ಆಮೇಲೆ ಒಂದು ಬೆಳಗ್ಗೆ ಮಣ್ಣು ಸೀಳಿಕೊಂಡು ಚೂಪು ಕಡ್ಡಿಯೊಂದು ನಿಂತಿರುತ್ತದೆ. ದಂಟಿನ ತುಂಬ ಹಾವಿನ ಮೈಯಂಥ ಹಸಿರು, ಕಂದು ಮಚ್ಚೆ. ಮುಚ್ಚಿದ ಛತ್ರಿಯ ಹಾಗೆ ಎಲೆ ಸುತ್ತಿಕೊಂಡೇ ಮೇಲೇಳುತ್ತದೆ. ಕೆಲವೇ ದಿನಗಳಲ್ಲಿ ಮೂರು ಕವಲಾಗಿ ಬಿಚ್ಚಿ ಸೊಂಟದೆತ್ತರ ಹರಡುತ್ತದೆ. ನೋಡಲು ಪುಟ್ಟ ಮರ. ಆದರೆ ಅಷ್ಟೂ ಸೇರಿ ಒಂದೇ ಎಲೆ. ವರ್ಷಕ್ಕೆ ಅದೊಂದೇ.

ಎಲೆ ಕಾಯುವುದು

ಒಂದೇ ಎಲೆಯಾದ್ದರಿಂದ ಅದು ಹೋದರೆ ಆ ವರ್ಷವೇ ಹೋಯಿತು. ಆಗಸ್ಟಿನಲ್ಲಿ ದಿನಾ ಬೆಳಗ್ಗೆ ಕುಂಡದ ಸುತ್ತ ನೋಡಿ. ಮೆಣಸಿನ ಕಾಳಿನಂಥ ಕಪ್ಪು ಹಿಕ್ಕೆ ಬಿದ್ದಿದ್ದರೆ ಮೇಲೆ ಹುಳುವಿದೆ ಅಂತಲೇ ಅರ್ಥ. ಬೆರಳುದ್ದದ ಹುಳು, ಮೈಮೇಲೆ ಕಣ್ಣಿನಂಥ ಚುಕ್ಕೆ, ಬಾಲದಲ್ಲಿ ಒಂದು ಕೊಂಬು. ಕೆಸುವಿಗೂ ಇದೇ ಬರುತ್ತದೆ. ಎರಡು ರಾತ್ರಿ ಬಿಟ್ಟರೆ ದಂಟು ಮಾತ್ರ ಉಳಿಯುತ್ತದೆ. ಔಷಧ ಬೇಡ, ಕೈಯಿಂದ ತೆಗೆದುಹಾಕಿ.

ಬುಡದಲ್ಲಿ ಬಿಳಿ ಎಳೆ ಹಬ್ಬಿ, ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಬುಡಕೊಳೆ ರೋಗ. ಸುವರ್ಣಗಡ್ಡೆ ಬೆಳೆಯುವವರಿಗೆ ಇದು ಹಳೆಯ ಶತ್ರು. ಸುತ್ತಲಿನ ಮಣ್ಣು ತೆಗೆದು ದೂರ ಎಸೆಯಿರಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಮೊದಲೇ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿ ಕಲಸಿಟ್ಟುಕೊಂಡರೆ ಇದರ ಕಾಟ ಕಡಿಮೆ.

ಮಳೆ ಇದ್ದಾಗ ನೀರು ಬೇಡ. ನಾಲ್ಕೈದು ದಿನ ಮಳೆ ಕೈಕೊಟ್ಟರೆ ಸಂಜೆ ನೀರು ಕೊಡಿ. ಜುಲೈನಲ್ಲಿ, ಆಗಸ್ಟ್ ಕೊನೆಗೆ ಒಂದೊಂದು ಹಿಡಿ ಎರೆಹುಳು ಗೊಬ್ಬರ.

ಮಲಗಿಸುವುದು

ಹಸ್ತ, ಚಿತ್ತಿ ಮಳೆ ಮುಗಿಯುತ್ತಿದ್ದಂತೆ ನೀರು ಕಮ್ಮಿ ಮಾಡಿ. ಎಲೆ ಹಳದಿಯಾದರೆ ಪೂರ್ತಿ ನಿಲ್ಲಿಸಿ. ಹಸಿರಿದ್ದಾಗ ಕತ್ತರಿಸಬೇಡಿ. ಎಲೆಯಲ್ಲಿದ್ದ ಸತ್ವವೆಲ್ಲ ಗಡ್ಡೆಗೆ ಇಳಿಯುತ್ತಿರುತ್ತದೆ. ತಾನಾಗಿ ಬಿದ್ದು, ದಂಟು ಮುಟ್ಟಿದರೆ ಕಳಚಿ ಬರಬೇಕು.

ಎಳ್ಳಮಾವಾಸ್ಯೆ ಕಳೆದ ಮೇಲೆ ಅಗೆಯಿರಿ. ಕೈಗೆ ಗ್ಲೌಸ್ ಇರಲಿ. ಈ ಕುಟುಂಬದ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ತುರಿಕೆ ಅದರಿಂದಲೇ. ಹಳೆಯ ಗಡ್ಡೆ ಕರಗಿ, ಅದರ ತಲೆಯ ಮೇಲೆ ಹೊಸದು ಕೂತಿರುತ್ತದೆ, ಪ್ರತಿ ವರ್ಷವೂ ಹೀಗೇ. ಪಕ್ಕದಲ್ಲಿ ಬೆರಳಿನಂಥ ಮರಿಗಳಿದ್ದರೆ ಮುರಿದು ಬೇರೆ ಇಡಿ. ತೊಳೆಯಬೇಡಿ. ವಾರ ನೆರಳಲ್ಲಿ ಆರಿಸಿ, ಒಣಮರಳು ತುಂಬಿದ ಬುಟ್ಟಿಯಲ್ಲಿ ಹೂತು, ಮನೆಯ ಅತಿ ತಂಪಾದ ಕೋಣೆಯ ನೆಲದ ಮೇಲಿಡಿ. ತಗಡಿನ ಶೆಡ್ ಬೇಡ. ತಿಂಗಳಿಗೊಮ್ಮೆ ತೆಗೆದು ನೋಡಿ. ಹಿಟ್ಟುತಿಗಣೆಯ ಬಿಳಿ ಹತ್ತಿ ಕಂಡರೆ ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಹೂವು, ಅಡುಗೆ

ಗಡ್ಡೆ ದೊಡ್ಡದಾಗಲು ನಾಲ್ಕೈದು ವರ್ಷ ಬೇಕು. ಆಮೇಲೆ ಒಂದು ವರ್ಷ ಚಳಿ ಮುಗಿದು ಬಿಸಿಲೇರುವಾಗ, ಎಲೆಗಿಂತ ಮೊದಲೇ, ಮಣ್ಣಿಲ್ಲದೆ ನೀರಿಲ್ಲದೆ ಬುಟ್ಟಿಯಲ್ಲೇ ಹೂವಿನ ಕೋಲು ಏಳಬಹುದು. ಕಡುಗೆಂಪು ಮುಸುಕು, ಮೀಟರಿನಷ್ಟು ಎತ್ತರ. ಸತ್ತ ಪ್ರಾಣಿಯ ವಾಸನೆ ಬರುತ್ತದೆ, ನೊಣ, ದುಂಬಿಗಳನ್ನು ಕರೆಯಲು. ಕುಂಡಕ್ಕೆ ಹಾಕಿ ಮಾಳಿಗೆಯ ಮೇಲಿಡಿ, ಅಕ್ಕಪಕ್ಕದವರಿಗೂ ಮೊದಲೇ ಹೇಳಿಡಿ. ವಾಸನೆ ಕೆಲವು ದಿನವಷ್ಟೇ.

ಜಪಾನಿನಲ್ಲಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ. ಅಲ್ಲಿನ ಬೆಳೆಯಲ್ಲಿ 10ರಲ್ಲಿ 9 ಪಾಲಿಗೂ ಜಾಸ್ತಿ ಗುನ್ಮಾ ಪ್ರಾಂತದ್ದು. ಗಡ್ಡೆಯ ಹಿಟ್ಟಿಗೆ ಸುಣ್ಣದ ನೀರು ಸೇರಿಸಿ ಬೇಯಿಸಿ, ಗಟ್ಟಿ ಬಿಲ್ಲೆಯಾಗಿಸಿ ಕೊನ್ಯಾಕು ಮಾಡುತ್ತಾರೆ. ಮನೆಯಲ್ಲಿ ಅದನ್ನು ಪ್ರಯೋಗ ಮಾಡಬೇಡಿ. ಹಸಿ ಕೊಂಜಾಕ್ ಬಾಯಿ, ಗಂಟಲು ಸುಡುತ್ತದೆ. ಅರಿಸೀಮಾ, ಪಿನೇಲಿಯಾ ಕೂಡ ಹಾಗೆಯೇ. ಬುಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ನೆಟ್ಟ ವರ್ಷ ಬರೆದಿಡಿ, ಅಡುಗೆಮನೆಯ ಸುವರ್ಣಗಡ್ಡೆಯ ಹತ್ತಿರ ಇಡಲೇಬೇಡಿ. ಮಕ್ಕಳಿಗೆ, ಆಡು, ಎಮ್ಮೆಗಳಿಗೆ ಸಿಗದ ಹಾಗೆ ಎತ್ತರದಲ್ಲಿರಲಿ.