ಚುಕ್ಕಿ ಎಣಿಸಿ, ಗೆರೆ ಎಣಿಸಿ: ಸರಿಯಾದ ಲೂಯಿಸ್ ರಚನೆ ಆರಿಸುವುದು ಹೇಗೆ?

ಚಿಂಚೋಳಿ, ಜೇವರ್ಗಿ, ಆಳಂದ ಕಡೆ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಲಬುರಗಿಗೆ ಪಿಯುಸಿ ಸೈನ್ಸ್ ಓದಲು ಬರುವ ಮಕ್ಕಳು ಕೆಮಿಕಲ್ ಬಾಂಡಿಂಗ್ ಪಾಠದಲ್ಲಿ ತಡವರಿಸುವುದುಂಟು. ಒಂದೇ ಅಣುವಿಗೆ ಮೂರು ಲೂಯಿಸ್ ರಚನೆ (ಎಲೆಕ್ಟ್ರಾನ್‌ಗಳನ್ನು ಚುಕ್ಕಿ, ಬಾಂಡ್‌ಗಳನ್ನು ಗೆರೆಯಾಗಿ ತೋರಿಸುವ ಚಿತ್ರ) ಬರೆಯಲು ಬರುತ್ತದೆ, ಮೂರರಲ್ಲೂ ಆಕ್ಟೆಟ್, ಅಂದರೆ ಪ್ರತಿ ಪರಮಾಣುವಿನ ಸುತ್ತ 8 ಎಲೆಕ್ಟ್ರಾನ್, ಪೂರ್ತಿ. ಹಾಗಾದರೆ ಸರಿ ಯಾವುದು? ಸುಮ್ನೆ ಬಾಯಿಪಾಠ ಮಾಡಬೇಡಿ. ಫಾರ್ಮಲ್ ಚಾರ್ಜ್ ಲೆಕ್ಕ ಹಾಕಿದರೆ ಉತ್ತರ ತಾನಾಗಿ ಸಿಗುತ್ತದೆ. ಅದಕ್ಕೆ ಬೇಕಾದ ಗಣಿತ ಕೂಡುವುದು, ಕಳೆಯುವುದು ಅಷ್ಟೇ.

ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ತೋರಿಸಿದ ಚುಕ್ಕಿಗಳ ಚಿತ್ರ ಮುಂದಿಟ್ಟುಕೊಳ್ಳಿ. ಒಂದು ಪರಮಾಣು ಹಿಡಿಯಿರಿ. ಅದರ ವೇಲೆನ್ಸ್ ಎಲೆಕ್ಟ್ರಾನ್, ಅಂದರೆ ಹೊರಗಿನ ಕವಚದ ಎಲೆಕ್ಟ್ರಾನ್, ಎಷ್ಟು ಎಂದು ಬರೆಯಿರಿ. ಅದರಲ್ಲಿ ಸುತ್ತಲಿನ ಚುಕ್ಕಿಗಳನ್ನು, ಅಂದರೆ ಲೋನ್ ಪೇರ್ ಎಲೆಕ್ಟ್ರಾನ್‌ಗಳನ್ನು ಕಳೆಯಿರಿ. ಆಮೇಲೆ ಅದಕ್ಕೆ ತಾಗಿದ ಗೆರೆಗಳನ್ನು, ಅಂದರೆ ಬಾಂಡ್‌ಗಳನ್ನು ಕಳೆಯಿರಿ. ಉಳಿದದ್ದೇ ಫಾರ್ಮಲ್ ಚಾರ್ಜ್.

ಒಂದು ಗೆರೆಯಲ್ಲಿ ಎರಡು ಎಲೆಕ್ಟ್ರಾನ್ ಇರುತ್ತವಲ್ವಾ, ಒಂದನ್ನೇ ಯಾಕೆ ಕಳೆಯಬೇಕು? ಪಾಲಿಗೆ ಮಾಡಿದ ಹೊಲದ ತೊಗರಿ ರಾಶಿಯಂತೆ ಇಬ್ಬರಿಗೂ ಸರಿ ಅರ್ಧ ಎಂದು ಇಲ್ಲಿ ಹಿಡಿಯುತ್ತೇವೆ. ನಿಜದಲ್ಲಿ ಆಕ್ಸಿಜನ್‌ನಂಥವು ಜಾಸ್ತಿ ಎಳೆದುಕೊಳ್ಳುತ್ತವೆ. ಹಾಗಾಗಿ ಇದು ಪರಮಾಣುವಿನ ಮೇಲಿರುವ ನಿಜವಾದ ಚಾರ್ಜ್ ಅಲ್ಲ. ರಚನೆಗಳನ್ನು ಹೋಲಿಸಲು ಮಾಡುವ ಲೆಕ್ಕ.

ಈಗ ನೈಟ್ರಸ್ ಆಕ್ಸೈಡ್, ಅಂದರೆ ಲಾಫಿಂಗ್ ಗ್ಯಾಸ್ ನೋಡೋಣ. ಎರಡು ನೈಟ್ರೋಜನ್, ಒಂದು ಆಕ್ಸಿಜನ್. 5 + 5 + 6 = 16 ಎಲೆಕ್ಟ್ರಾನ್. ನಡುವೆ ಯಾವುದನ್ನು ಇಡುವುದು? ಆಕ್ಸಿಜನ್ ಇಟ್ಟು ಎರಡೂ ಕಡೆ ಡಬಲ್ ಬಾಂಡ್ ಹಾಕಿ. ಅದಕ್ಕೆ ಚುಕ್ಕಿ ಇಲ್ಲ, ಗೆರೆ ನಾಲ್ಕು. 6 − 0 − 4 = +2. ಎಲೆಕ್ಟ್ರಾನ್‌ಗಳನ್ನು ಅಷ್ಟು ಬಲವಾಗಿ ಎಳೆಯುವ ಆಕ್ಸಿಜನ್ ಮೇಲೆ +2 ಬಂದರೆ ಆ ಜೋಡಣೆ ಬಿಟ್ಟುಬಿಡಿ. ನೈಟ್ರೋಜನ್ ನಡುವೆ ಬರಲಿ. ಆಗ ಮೂರು ದಾರಿ (ಮುಂದಿರುವ ಅಂಕಿಗಳು ಪರಮಾಣುಗಳ ಅದೇ ಸಾಲಿನಲ್ಲಿ ಫಾರ್ಮಲ್ ಚಾರ್ಜ್):

ಎನ್=ಎನ್=ಓ: −1, +1, 0
ಎನ್≡ಎನ್–ಓ: 0, +1, −1
ಎನ್–ಎನ್≡ಓ: −2, +1, +1

ಚಾರ್ಜ್‌ಗಳು ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೂರನೆಯದರಲ್ಲಿ −2 ಇದೆ, ಜೊತೆಗೆ ಎರಡು +1 ಅಕ್ಕಪಕ್ಕ ಕೂತಿವೆ. ಅದು ಹೋಯಿತು. ಉಳಿದ ಎರಡು ಸಮ ಸಮ ಕಾಣುತ್ತವೆ. ಇಂಥ ಕಡೆ ಮೈನಸ್ ಯಾರ ಮೇಲಿದೆ ನೋಡಿ. ಹೆಚ್ಚು ಎಲೆಕ್ಟ್ರೋನೆಗೆಟಿವ್ ಆದ, ಅಂದರೆ ಎಲೆಕ್ಟ್ರಾನ್ ಜಾಸ್ತಿ ಎಳೆಯುವ ಪರಮಾಣುವಿನ ಮೇಲೆ ಇರಬೇಕು, ಇಲ್ಲಿ ಅದು ಆಕ್ಸಿಜನ್. ಹಾಗಾಗಿ ಎರಡನೆಯದೇ ಉತ್ತಮ. ಮೊದಲನೆಯದೂ ಪೂರ್ತಿ ಸುಳ್ಳಲ್ಲ. ನಿಜವಾದ ಅಣುವಿನಲ್ಲಿ ಎರಡರ ಪಾಲೂ ಇದೆ, ಎರಡನೆಯದರ ಪಾಲು ದೊಡ್ಡದು.

ಅಯಾನ್, ಅಂದರೆ ಚಾರ್ಜ್ ಇರುವ ಕಣ, ಆದರೆ ಇನ್ನೊಂದು ಅನುಕೂಲ: ಎಲ್ಲ ಫಾರ್ಮಲ್ ಚಾರ್ಜ್ ಕೂಡಿದರೆ ಅಯಾನ್‌ನ ಚಾರ್ಜ್ ಬರಲೇಬೇಕು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣಕಲ್ಲು, ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಆ ಕಾರ್ಬೊನೇಟ್ ಅಯಾನ್ ಬರೆಯಿರಿ: ನಡುವೆ ಒಂದು ಕಾರ್ಬನ್, ಸುತ್ತ ಮೂರು ಆಕ್ಸಿಜನ್, ಒಟ್ಟು ಚಾರ್ಜ್ −2. ಕಾರ್ಬನ್ 4 − 0 − 4 = 0. ಡಬಲ್ ಬಾಂಡ್ ಇರುವ ಆಕ್ಸಿಜನ್ 6 − 4 − 2 = 0. ಸಿಂಗಲ್ ಬಾಂಡ್ ಇರುವ ಎರಡಕ್ಕೂ 6 − 6 − 1 = −1. ಕೂಡಿದರೆ −2. ಬೇರೆ ಸಂಖ್ಯೆ ಬಂದರೆ ಎಲ್ಲೋ ಚುಕ್ಕಿ ತಪ್ಪಿದೆ ಎಂದರ್ಥ. ಪರೀಕ್ಷೆಯಲ್ಲಿ ಈ ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ.

ಒಂದು ಕಡೆ ಎಚ್ಚರ ಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ಡಬಲ್ ಬಾಂಡ್ ಹಾಕಿದರೆ ಎರಡೂ ಕಡೆ ಸೊನ್ನೆ ಬರುತ್ತದೆ. ಆದರೆ ಕಾರ್ಬನ್ ಸುತ್ತ 6 ಎಲೆಕ್ಟ್ರಾನ್ ಮಾತ್ರ ಇರುತ್ತವೆ. ಟ್ರಿಪಲ್ ಬಾಂಡ್ ಹಾಕಿದರೆ ಕಾರ್ಬನ್‌ಗೆ −1, ಆಕ್ಸಿಜನ್‌ಗೆ +1 ಬರುತ್ತದೆ, ಆದರೂ ಅದೇ ಸರಿ. ಮೊದಲು ಆಕ್ಟೆಟ್, ಆಮೇಲೆ ಫಾರ್ಮಲ್ ಚಾರ್ಜ್.

ಸಯನೇಟ್ ಅಯಾನ್ ನೀವೇ ಮಾಡಿ. ಆಕ್ಸಿಜನ್, ಕಾರ್ಬನ್, ನೈಟ್ರೋಜನ್ ಅದೇ ಸಾಲಿನಲ್ಲಿ, ಒಟ್ಟು ಚಾರ್ಜ್ −1. ಆರಿಸಿದ ರಚನೆಯಲ್ಲಿ ಆ −1 ಆಕ್ಸಿಜನ್ ಮೇಲೆ ಬಂದಿದ್ದರೆ ನಿಮ್ಮ ಲೆಕ್ಕ ಸರಿ ಇದೆ.