ರೊಟ್ಟಿ ಹಂಚು ಆರುವ ಮುಂಚೆ ನೆಗಡಿಗೊಂದು ಗಂಟು

ವಿಜಯಪುರದ ಡಿಸೆಂಬರ್ ಚಳಿ ಒಣ ಚಳಿ. ಹಗಲು ಬಿಸಿಲು, ಬೆಳಗಿನ ಜಾವ ಎರಡು ಕೌದಿ ಹೊದ್ದರೂ ಸಾಲದು. ಈಗ ಮನೆಯಲ್ಲಿ ಒಬ್ಬರ ಮೂಗಾದರೂ ಕಟ್ಟಿರುತ್ತದೆ, ಅಲ್ವಾ?

ನೆಗಡಿ ವೈರಸ್‌ನಿಂದ ಬರುತ್ತದೆ. ಯಾವ ಕಷಾಯವೂ ಅದನ್ನು ಕೊಲ್ಲುವುದಿಲ್ಲ. 7ರಿಂದ 10 ದಿನಕ್ಕೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಅಷ್ಟು ದಿನ ಗಂಟಲಿಗೆ ಹಿತ, ರಾತ್ರಿ ನಿದ್ದೆ ಬೇಕಲ್ಲ!

ಮೊದಲು ಕಷಾಯ. ನಮ್ಮ ಕಡೆ ಹಸಿ ಶುಂಠಿಗೆ ‘ಅಲ್ಲ’ ಅಂತಲೂ ಕೊತ್ತಂಬರಿ ಕಾಳಿಗೆ ‘ಹವೀಜ’ ಅಂತಲೂ ಅನ್ನುತ್ತಾರೆ. ಎರಡು ಲೋಟ ನೀರಿಗೆ ಹೆಬ್ಬೆರಳ ತುದಿಯಷ್ಟು ‘ಅಲ್ಲ’ ಜಜ್ಜಿ ಹಾಕಿ. ಒಂದು ಚಮಚ ಹವೀಜ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ತರಿತರಿಯಾಗಿ ಕುಟ್ಟಿ ಸೇರಿಸಿ. ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ. ತುಳಸಿ ಇದ್ದರೆ ಒಲೆ ಆರಿಸುವಾಗ ಹಾಕಿ ಮುಚ್ಚಿಡಿ. ಮೊದಲೇ ಹಾಕಿದರೆ ಘಮ ಹಾರಿಹೋಗುತ್ತದೆ. ಕೊನೆಗೆ ಬೆಲ್ಲ, ಮಹಾಲಿಂಗಪುರದ್ದು ಸಿಕ್ಕರೆ ಬೇರೆ ಹುಡುಕಬೇಡಿ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬಿಡಿ. ಕಾಳುಮೆಣಸು ಜಾಸ್ತಿಯಾದಷ್ಟೂ ಗುಣ ಜಾಸ್ತಿ ಅಂತ ನಾನೊಮ್ಮೆ 20 ಕಾಳು ಕುಟ್ಟಿ ಕುಡಿದೆ. ನೆಗಡಿ ಅಲ್ಲೇ ಇತ್ತು, ಜೊತೆಗೆ ಎದೆಯುರಿಯೂ ಬಂತು.

ಮೂಗು ಕಟ್ಟಿದಾಗ ನನಗೆ ಕಷಾಯಕ್ಕಿಂತ ಅಜವಾನದ ಗಂಟೇ ಮೇಲು. ಇದಕ್ಕೆ ಬೇರೆ ಒಲೆ ಹಚ್ಚುವುದೂ ಬೇಡ. ರೊಟ್ಟಿ ಬಡಿದು ಮುಗಿದ ಮೇಲೂ ಹಂಚು ಕಾದಿರುತ್ತದೆ. ಮೇಲಿನ ಹಿಟ್ಟು ಒರೆಸಿ, ಎರಡು ಚಮಚ ಅಜವಾನ ಹಾಕಿ ಕೈಯಾಡಿಸಿ. ಘಮ್ಮೆಂದ ಕೂಡಲೇ ತೆಗೆಯಿರಿ. ಹೊಗೆ ಎದ್ದರೆ ಕೆಟ್ಟಿತು. ಆ ಖಾರದ ವಾಸನೆ ಕೊಡುವ ಥೈಮಾಲ್ ಹಾರಿಹೋಗಿ ಸುಮ್ನೆ ಕರಕು ಉಳಿಯುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಸವೆದ ಧೋತರದ ತುಂಡಾದರೆ ಇನ್ನೂ ಒಳ್ಳೆಯದು, ಪಾಲಿಯೆಸ್ಟರ್ ಬೇಡ. ಬಿಸಿ ತಗ್ಗಿದ ಮೇಲೆ ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ. ಘಮ ಕಮ್ಮಿಯಾದರೆ ಗಂಟು ಬಿಚ್ಚಿ ಮತ್ತೆ ಬೆಚ್ಚಗೆ ಮಾಡಿ.

ಗಂಟಲು ಕೆರೆದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ.

ಕೂಸುಗಳ ವಿಷಯದಲ್ಲಿ ಮಾತ್ರ ಅಜ್ಜಿಯ ಮಾತನ್ನೂ ಮೀರಬೇಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಮೈಗೆ ಕರ್ಪೂರ ಹಚ್ಚಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ. ಕುದಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡಬೇಡಿ, ಪಾತ್ರೆ ಮಗುಚಿದರೆ ಮೈ ಸುಡುತ್ತದೆ. ಉಸಿರಾಡಲು ಕಷ್ಟವಾದರೆ, ಪಕ್ಕೆ ಒಳಗೆ ಸೆಳೆದರೆ, ಜ್ವರ 3 ದಿನ ದಾಟಿದರೆ ಕಷಾಯ ಇಳಿಸಿಟ್ಟು ಡಾಕ್ಟರ ಹತ್ತಿರ ಹೋಗಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಅದೇ ದಿನ.